ಆರು ತಿಂಗಳ ಅಮ್ಮಂದಿರ ಹುಚ್ಚು ಕೌದಿ

ಊರಿನಿಂದ ಅಮ್ಮ ಬರುತ್ತಾರೆ ಎಂದರೆ ಅಮೆರಿಕದ ಕನ್ನಡಿಗರ ಮನೆಗಳಲ್ಲಿ ಅದೊಂದು ಹಬ್ಬ. ಚಟ್ನಿಪುಡಿ, ಹಪ್ಪಳ, ಸಾರಿನಪುಡಿ ತುಂಬಿದ ಎರಡು ಸೂಟ್‌ಕೇಸು, ವಿಮಾನ ನಿಲ್ದಾಣದಲ್ಲಿ ಮೊಮ್ಮಕ್ಕಳ ಅಪ್ಪುಗೆ, ಮೊದಲ ವಾರವೆಲ್ಲ ಸ್ನೇಹಿತರ ಮನೆಗಳಲ್ಲಿ ಊಟ. ಎರಡನೇ ತಿಂಗಳ ಹೊತ್ತಿಗೆ ಮನೆ ತನ್ನ ಎಂದಿನ ಓಟಕ್ಕೆ ಮರಳುತ್ತದೆ. ಬೆಳಿಗ್ಗೆ ಎಂಟಕ್ಕೆ ಮಕ್ಕಳು ಹಳದಿ ಬಸ್ಸು ಹತ್ತುತ್ತಾರೆ, ಮಗಳು-ಅಳಿಯ ಕೆಲಸಕ್ಕೆ ಹೊರಡುತ್ತಾರೆ. ಬಾಗಿಲು ಹಾಕಿಕೊಂಡರೆ ಸಂಜೆಯವರೆಗೆ ಅಮ್ಮನಿಗೆ ಮಾತಾಡಲು ಗೋಡೆಯೇ ಗತಿ. ನಡೆದು ಹೋಗುವಷ್ಟು ದೂರದಲ್ಲಿ ಅಂಗಡಿ ಇಲ್ಲ, ಕೂರಲು ಕಟ್ಟೆ ಇಲ್ಲ, ದೇವಸ್ಥಾನಕ್ಕೂ ಕಾರೇ ಬೇಕು. ಡಿಸೆಂಬರ್ ಬಂತೆಂದರೆ ಸಂಜೆ ಐದಕ್ಕೆಲ್ಲ ಕತ್ತಲು. ಸಂದರ್ಶಕರ ವೀಸಾದಲ್ಲಿ ಬಂದವರಿಗೆ ಸಾಮಾನ್ಯವಾಗಿ ಸಿಗುವುದು ಆರು ತಿಂಗಳು. ಮೂರನೇ ತಿಂಗಳಿಗೇ ಅಮ್ಮಂದಿರು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ದಿನ ಎಣಿಸತೊಡಗುತ್ತಾರೆ.

ಈ ಆರು ತಿಂಗಳ ಅಮ್ಮಂದಿರಿಗಾಗಿ ಫಿಲಡೆಲ್ಫಿಯಾದ ಹೊರವಲಯದಲ್ಲಿರುವ ನಾವು ಏಳು ಕನ್ನಡ ಮನೆಯವರು ಒಂದು ಕೆಲಸ ಹುಡುಕಿಕೊಂಡೆವು. ಅದು ಕ್ರೇಜಿ ಕ್ವಿಲ್ಟ್ ಹೊಲಿಯುವ ಕೆಲಸ. ನಮ್ಮ ಅಮ್ಮಂದಿರು ಹೆಸರು ಕೇಳಿದ ದಿನವೇ ಅದನ್ನು ಕನ್ನಡಕ್ಕೆ ತಂದುಕೊಂಡು 'ಹುಚ್ಚು ಕೌದಿ' ಎಂದು ಕರೆದರು. ಈಗ ನಮ್ಮ ಏಳೂ ಮನೆಗಳಲ್ಲಿ ಅದರ ಹೆಸರು ಅದೇ.

ಏನಿದು ಹುಚ್ಚು?

ಸಾಮಾನ್ಯ ಕ್ವಿಲ್ಟಿನಲ್ಲಿ ಚೌಕ, ತ್ರಿಕೋನಗಳನ್ನು ಅಳತೆ ಮಾಡಿ ಕತ್ತರಿಸಿ ರಂಗೋಲಿಯಂತೆ ಸಾಲಾಗಿ ಜೋಡಿಸುತ್ತಾರೆ. ಕ್ರೇಜಿ ಕ್ವಿಲ್ಟಿನಲ್ಲಿ ಆ ಲೆಕ್ಕವಿಲ್ಲ. ರೇಷ್ಮೆ, ಮಖಮಲ್ಲು, ಹತ್ತಿ, ರಿಬ್ಬನ್ ಎಂದು ಕೈಗೆ ಸಿಕ್ಕ ಬಟ್ಟೆಯ ತುಂಡು ಯಾವ ಆಕಾರದಲ್ಲಿದ್ದರೂ ಸರಿ, ಅದನ್ನು ಒಂದು ತಳಬಟ್ಟೆಯ ಮೇಲೆ ಕೂರಿಸುತ್ತಾರೆ. ಎರಡು ತುಂಡು ಸೇರುವ ಪ್ರತಿಯೊಂದು ಜೋಡಿನ ಮೇಲೂ ಬಣ್ಣದ ದಾರದಿಂದ ಕೈಕಸೂತಿ ಹಾಕುತ್ತಾರೆ. ದೂರದಿಂದ ನೋಡಿದರೆ ಒಡೆದ ಬಳೆಚೂರುಗಳನ್ನು ಹರಡಿದಂತೆ ಕಾಣುತ್ತದೆ. ಹತ್ತಿರ ಹೋದರೆ ಒಂದೊಂದು ಜೋಡೂ ಒಂದೊಂದು ಚಿತ್ರ.

ಈ ಕಲೆಗೂ ನಾವಿರುವ ಊರಿಗೂ ಹಳೆಯ ನಂಟಿದೆ. 1876ರಲ್ಲಿ ಅಮೆರಿಕದ ಸ್ವಾತಂತ್ರ್ಯಕ್ಕೆ ನೂರು ವರ್ಷ ತುಂಬಿದಾಗ ಫಿಲಡೆಲ್ಫಿಯಾದಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆಯಿತು. ಮೇ 10ರಿಂದ ನವೆಂಬರ್ 10ರವರೆಗೆ, ಅಂದರೆ ಅದೂ ಆರು ತಿಂಗಳು! ಸುಮಾರು ಒಂದು ಕೋಟಿ ಜನ ಬಂದುಹೋದರು. ಜಪಾನಿನ ಮಳಿಗೆಯಲ್ಲಿದ್ದ ಪಿಂಗಾಣಿ, ಪರದೆ, ಬಟ್ಟೆಗಳ ಮುಂದೆ ಅಮೆರಿಕದ ಹೆಂಗಸರು ಬೆರಗಾಗಿ ನಿಂತರು. ಎಡಕ್ಕೊಂದಿದ್ದರೆ ಬಲಕ್ಕೂ ಒಂದಿರಬೇಕು ಎಂಬ ನಿಯಮವಿಲ್ಲದ ಅಂದ ಅದು. ಮೈಮೇಲೆ ಕೂದಲೆಳೆಯಷ್ಟು ಸಣ್ಣ ಬಿರುಕುಗಳ ಬಲೆಯಿದ್ದ ಪಿಂಗಾಣಿಯನ್ನೂ ಅವರು ಅಲ್ಲಿ ಕಂಡರು. ಅಂಥ ಬಿರುಕಿಗೆ ಇಂಗ್ಲಿಷಿನಲ್ಲಿ 'ಕ್ರೇಜಿಂಗ್' ಎನ್ನುತ್ತಾರೆ. ಕ್ರೇಜಿ ಕ್ವಿಲ್ಟಿನ ಹೆಸರಿನ ಮೂಲ ಅದೇ ಇರಬಹುದು ಎಂಬ ಮಾತಿದೆ. ಇಂಗ್ಲೆಂಡಿನ ರಾಯಲ್ ಸ್ಕೂಲ್ ಆಫ್ ಆರ್ಟ್ ನೀಡಲ್‌ವರ್ಕ್ ಸಂಸ್ಥೆಯ ಕಸೂತಿಯೂ ಅದೇ ಪ್ರದರ್ಶನದಲ್ಲಿತ್ತು. ಜಪಾನಿನ ಅಂದವೂ ಇಂಗ್ಲೆಂಡಿನ ಸೂಜಿಯೂ ಕೂಡಿಕೊಂಡು 1880ರ ದಶಕದಲ್ಲಿ ಅಮೆರಿಕದ ಮನೆಮನೆಯಲ್ಲಿ ಕ್ರೇಜಿ ಕ್ವಿಲ್ಟಿನ ಗೀಳು ಹತ್ತಿತು.

ಅದೇ ಕಾಲಕ್ಕೆ ರೇಷ್ಮೆಯೂ ಅಗ್ಗವಾಯಿತು. ನಮ್ಮ ಪಕ್ಕದ ನ್ಯೂಜೆರ್ಸಿಯ ಪ್ಯಾಟರ್ಸನ್ ಪಟ್ಟಣಕ್ಕೆ 'ರೇಷ್ಮೆ ನಗರ' ಎಂಬ ಹೆಸರೇ ಇತ್ತು. ರೇಷ್ಮೆಯ ಚೂರುಗಳನ್ನು ಕಟ್ಟುಕಟ್ಟಿ ಅಂಚೆಯಲ್ಲಿ ಮಾರುತ್ತಿದ್ದರು. ಮದುವೆ ಉಡುಪಿನ ಚೂರು, ಗಂಡನ ಟೈ, ಟೋಪಿಯ ರಿಬ್ಬನ್ನು, ಸಿಗಾರ್ ಕಟ್ಟುಗಳಿಗೆ ಸುತ್ತಿ ಬರುತ್ತಿದ್ದ ರೇಷ್ಮೆಪಟ್ಟಿ ಎಲ್ಲವೂ ಕ್ವಿಲ್ಟ್ ಸೇರಿದವು. ಅಂದಿನ ಪ್ರದರ್ಶನದ ಮೆಮೋರಿಯಲ್ ಹಾಲ್ ಕಟ್ಟಡ ಫೇರ್‌ಮೌಂಟ್ ಪಾರ್ಕಿನಲ್ಲಿ ಇಂದಿಗೂ ಇದೆ. ಈಗ ಅದರಲ್ಲಿ ಮಕ್ಕಳ ಮ್ಯೂಸಿಯಂ ಇದೆ. ಮೊಮ್ಮಕ್ಕಳು ಒಳಗೆ ಆಡುವಾಗ ನಮ್ಮ ಅಮ್ಮಂದಿರು ಹೊರಗೆ ನಿಂತು ಕಟ್ಟಡ ನೋಡುತ್ತಾರೆ, "ಇಲ್ಲೇ ಅಲ್ವಾ ಹುಚ್ಚು ಶುರುವಾಗಿದ್ದು" ಎಂದು.

ಎಲ್ಲರಿಗೂ ಗೊತ್ತಿರುವ ಒಂದು ಜಾಗ

ನಮಗೆ ಇದನ್ನು ಕಲಿಸಿದವರು ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ವಾರಕ್ಕೊಮ್ಮೆ ಹೊಲಿಯಲು ಸೇರುವ ಅಮೆರಿಕನ್ ಹಿರಿಯರು. ಅವರಲ್ಲಿ ಎಂಬತ್ತು ದಾಟಿದ ಒಬ್ಬರನ್ನು ನಾವು 'ಲೈಬ್ರರಿ ಅಜ್ಜಿ' ಎನ್ನುತ್ತೇವೆ. ಗದಗದಿಂದ ಬಂದಿದ್ದ ಅವ್ವನಿಗೆ ಇಂಗ್ಲಿಷ್ ಬಾರದು, ಲೈಬ್ರರಿ ಅಜ್ಜಿಗೆ ಕನ್ನಡ ಬಾರದು. ಇಬ್ಬರೂ ಒಂದೇ ಮೇಜಿನ ಎದುರು ಎರಡು ಗಂಟೆ ಕೂತು, ಒಬ್ಬರ ಕೈ ನೋಡಿ ಇನ್ನೊಬ್ಬರು ಹೊಲಿದರು. ಮನೆಗೆ ಬರುವಾಗ ಕಾರಿನಲ್ಲಿ ಅವ್ವ ಹೇಳಿದ್ದು ಇಷ್ಟೇ: "ಆಕಿನೂ ನನ್ನಂಗನss ಹಲ್ಲಿಲೇ ದಾರ ಕಡೀತಾಳ."

ತುಂಡುಗಳಿಗೆ ಲೆಕ್ಕವಿಲ್ಲದ ಕಾರಣಕ್ಕೇ ಒಂದು ವಿಷಯ ಬೇಕಾಗುತ್ತದೆ. ಕೆಲವರು ಸಮುದ್ರ ಎಂದು ನೀಲಿ-ಹಸಿರು ಬಟ್ಟೆಯಲ್ಲಿ ಮೀನು, ಶಂಖ ಕಸೂತಿ ಮಾಡುತ್ತಾರೆ. ಕೆಲವರು ಮಗುವಿನ ಮೊದಲ ವರ್ಷ ಎನ್ನುತ್ತಾರೆ. ವಿಷಯ ಒಂದೇ ಇದ್ದರೆ ಹತ್ತು ಕೈಗಳ ಕೆಲಸವೂ ಒಂದಾಗಿ ಕಾಣುತ್ತದೆ. ನಮ್ಮಲ್ಲಿ ದಸರಾ ಎಂದರು, ಮದುವೆ ಎಂದರು, ಜೋಗ ಎಂದರು. ಸಾಗರದ ಅಮ್ಮ "ಹಿತ್ತಲು ಮಾಡೋಣ" ಎಂದರು. ಅಲ್ಲಿಗೆ ಚರ್ಚೆ ಮುಗಿಯಿತು. ಗದಗಕ್ಕೂ ಹಿತ್ತಲಿದೆ, ಮೈಸೂರಿಗೂ ಇದೆ. ಜಾತ್ರೆಗೆ, ಮದುವೆಗೆ ಎಲ್ಲರೂ ಹೋಗುತ್ತಾರೆ. ಹಿತ್ತಲು ಮಾತ್ರ ಅಮ್ಮಂದಿರದೇ ಆದ ಜಾಗ. ನಮ್ಮಲ್ಲಿ ಹೆಚ್ಚಿನವರ ತವರಿನ ಹಿತ್ತಲು ಈಗ ಉಳಿದಿಲ್ಲ. ಒಂದರ ಮೇಲೆ ಅಪಾರ್ಟ್‌ಮೆಂಟ್ ಎದ್ದಿದೆ, ಇನ್ನೊಂದು ಅಣ್ಣತಮ್ಮಂದಿರ ಪಾಲಿನಲ್ಲಿ ಹಂಚಿಹೋಗಿದೆ.

ಕತ್ತರಿ ಹಾಕುವ ಸಂಕಟ

ಕ್ವಿಲ್ಟಿಗೆ ಬೇಕಾದದ್ದು ಬಟ್ಟೆ. ನಮ್ಮ ಎಲ್ಲರ ಮನೆಯಲ್ಲೂ ಉಡದೇ ಇಟ್ಟ ಸೀರೆಗಳ ಒಂದು ಸೂಟ್‌ಕೇಸು ಇದೆ. ಆದರೆ ಸೀರೆಗೆ ಕತ್ತರಿ ಹಾಕುವುದು ಹೇಗೆ? ನಮ್ಮಲ್ಲೊಬ್ಬ ಗೆಳತಿಯ ತಾಯಿ ತೀರಿಕೊಂಡು ಎಂಟು ವರ್ಷವಾಗಿತ್ತು. ಅವರ ದಾಳಿಂಬೆ ಬಣ್ಣದ ಇಳಕಲ್ ಸೀರೆಯನ್ನು ಅವಳು ಅಂದಿನಿಂದ ಒಮ್ಮೆಯೂ ಒಗೆದಿರಲಿಲ್ಲ, ಬಿಚ್ಚಿಯೂ ಇರಲಿಲ್ಲ. ಒಂದು ಶನಿವಾರ ಅದನ್ನು ತಂದು ಮೇಜಿನ ಮೇಲಿಟ್ಟಳು. ಕತ್ತರಿ ಹಿಡಿದಳು, ಕೆಳಗಿಟ್ಟಳು. ಯಾರೂ ಮಾತಾಡಲಿಲ್ಲ.

ಗದಗದ ಅವ್ವ ಎದ್ದುಹೋಗಿ ಸೀರೆ ಬಿಚ್ಚಿ, ಸೆರಗಿನ ತುದಿಯನ್ನು ಗೆಳತಿಯ ಕೈಗೆ ಕೊಟ್ಟು, ಇನ್ನೊಂದು ತುದಿಯನ್ನು ತಾವು ಹಿಡಿದರು. "ಸೆರಗು ಮುಟ್ಟಬ್ಯಾಡ ತಂಗಿ. ಉಡೂವಾಗ ಮೊದಲು ಸಿಗಿಸ್ತೀವಲ್ಲ, ಒಳತುದಿ, ಅಲ್ಲಿ ಒಂದು ಗೇಣು ತಗಿ. ಅದು ಯಾರ ಕಣ್ಣಿಗೂ ಬೀಳೂದಿಲ್ಲ. ಸೀರಿ ಸೀರಿನss ಉಳೀತದ. ನಾಳೆ ನಿನ್ನ ಮಗಳು ಉಡಬಹುದು."

ಆ ಮಾತು ನಮ್ಮೆಲ್ಲರ ಸೂಟ್‌ಕೇಸುಗಳ ಬೀಗ ತೆಗೆಯಿತು. ಐದೂವರೆ ಮೀಟರ್ ಸೀರೆಯಲ್ಲಿ ಒಂದು ಗೇಣು ಹೋದರೆ ಉಡುವವರಿಗೆ ತಿಳಿಯುವುದೇ ಇಲ್ಲ. ಒಳಗೆ ಸಿಗಿಸುವ ಭಾಗಕ್ಕೆ ಬಿಸಿಲು ತಾಗಿರುವುದಿಲ್ಲ, ಆದ್ದರಿಂದ ಸೀರೆಯ ಮೊದಲ ಬಣ್ಣ ಉಳಿದಿರುವುದೂ ಅಲ್ಲೇ. ಗುಳೇದಗುಡ್ಡದ ಖಣದ ಹಳೆಯ ಕುಪ್ಪಸ, ಅಪ್ಪನ ಅಂಗಿಯ ಕಾಲರು, ಮಗುವಿನ ಕುಲಾವಿ, ಶಾಲೆಯ ಟೈ, ಎಲ್ಲವೂ ಬಂದವು. ತಳಬಟ್ಟೆಗೆ ಹಳೆಯ ಬಿಳಿ ಪಂಚೆಗಳನ್ನು ಬಳಸಿದೆವು. ಹಲವು ಸಲ ಒಗೆದು ಮೆತ್ತಗಾದ ಪಂಚೆ ಇನ್ನು ಕುಗ್ಗುವುದಿಲ್ಲ, ಸೂಜಿಯೂ ಅದರಲ್ಲಿ ಬೆಣ್ಣೆಯಲ್ಲಿ ಓಡಿದಂತೆ ಓಡುತ್ತದೆ. ಮೇಲೆ ಅಮ್ಮಂದಿರ ಸೀರೆ, ತಳದಲ್ಲಿ ಅಪ್ಪಂದಿರ ಪಂಚೆ. 'ಕಂತೆಗೆ ತಕ್ಕ ಬೊಂತೆ' ಎಂದು ಮೈಸೂರಿನ ಅಮ್ಮ ನಕ್ಕರು.

ರೇಷ್ಮೆಯ ವಿಷಯದಲ್ಲಿ ಲೈಬ್ರರಿ ಅಜ್ಜಿ ಒಂದು ಎಚ್ಚರಿಕೆ ಕೊಟ್ಟರು. 19ನೇ ಶತಮಾನದ ಕೊನೆಯಲ್ಲಿ ಅಲ್ಲಿನ ಕಾರ್ಖಾನೆಗಳು ರೇಷ್ಮೆಗೆ ತೂಕ ಬರಲೆಂದು ತವರದಂಥ ಲೋಹದ ಲವಣಗಳನ್ನು ಕುಡಿಸುತ್ತಿದ್ದವು. ಅಂಥ ರೇಷ್ಮೆ ವರ್ಷ ಕಳೆದಂತೆ ತಾನಾಗಿ ಸೀಳುತ್ತದೆ. ಹಾಗಾಗಿ ಎಷ್ಟೋ ಹಳೆಯ ಕ್ರೇಜಿ ಕ್ವಿಲ್ಟುಗಳಲ್ಲಿ ಕಸೂತಿ ಗಟ್ಟಿಯಾಗಿದೆ, ಬಟ್ಟೆ ಚಿಂದಿಯಾಗಿದೆ. ನಮ್ಮ ಸೀರೆಗಳೂ ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿದ್ದರೆ ಮಡಿಕೆಯ ಗೆರೆಯಲ್ಲೇ ಬಿರಿಯುತ್ತವೆ. ಆದ್ದರಿಂದ ಪ್ರತಿ ತುಂಡನ್ನೂ ಬೆಳಕಿಗೆ ಹಿಡಿದು ನೋಡಿ, ಬಿರಿದ ಗೆರೆಯನ್ನು ಬಿಟ್ಟು ಕತ್ತರಿಸಿದೆವು. ತೆಳುವಾದ ರೇಷ್ಮೆಗೆ ಹಿಂದಿನಿಂದ ಇಸ್ತ್ರಿಯಲ್ಲಿ ಅಂಟುವ ತೆಳ್ಳನೆಯ ಅಸ್ತರು ಹಾಕಿದೆವು.

ಮಾಡುವ ಬಗೆ

ಇಡೀ ಕ್ವಿಲ್ಟನ್ನು ಒಂದೇ ಸಲ ಮಾಡುವುದಿಲ್ಲ, ಚೌಕ ಚೌಕವಾಗಿ ಮಾಡಿ ಕೊನೆಗೆ ಜೋಡಿಸುತ್ತಾರೆ. ಒಂದು ಚೌಕ ಮುಗಿದಾಗ 12 ಇಂಚು ಇರಬೇಕೆಂದರೆ ತಳಬಟ್ಟೆಯನ್ನು 14 ಇಂಚಿಗೆ ಕತ್ತರಿಸಿಕೊಳ್ಳಬೇಕು. ಕಸೂತಿ ಹಾಕುತ್ತ ಹೋದಂತೆ ಬಟ್ಟೆ ಒಳಕ್ಕೆ ಎಳೆದುಕೊಳ್ಳುತ್ತದೆ.

ಮೊದಲು ಐದು ಮೂಲೆಯ ಒಂದು ತುಂಡನ್ನು ತಳಬಟ್ಟೆಯ ನಡುವೆ, ಆದರೆ ಸರಿಯಾಗಿ ಮಧ್ಯಕ್ಕಲ್ಲದೆ ಕೊಂಚ ಪಕ್ಕಕ್ಕೆ, ಮುಖ ಮೇಲಾಗಿ ಇಡಬೇಕು. ಎರಡನೇ ತುಂಡನ್ನು ಅದರ ಮೇಲೆ ಮುಖ ಕೆಳಗಾಗಿ, ಒಂದು ಅಂಚಿಗೆ ಅಂಚು ಕೂಡುವಂತೆ ಇಟ್ಟು, ಕಾಲು ಇಂಚು ಒಳಗೆ ತಳಬಟ್ಟೆಯನ್ನೂ ಸೇರಿಸಿ ಹೊಲಿಯಬೇಕು. ಆಮೇಲೆ ಆ ತುಂಡನ್ನು ಮಗುಚಿ ಇಸ್ತ್ರಿ ಮಾಡಿದರೆ ಹೊಲಿಗೆ ಒಳಗೆ ಅಡಗುತ್ತದೆ. ಹೀಗೇ ಐದೂ ಅಂಚಿಗೆ ಒಂದೊಂದು ತುಂಡು, ಅವುಗಳ ಅಂಚಿಗೆ ಇನ್ನೊಂದಿಷ್ಟು ತುಂಡು. ಸುತ್ತುತ್ತ ಹೋದಂತೆ ಚೌಕ ತುಂಬುತ್ತದೆ. ಎಲ್ಲೂ ಒಂದೇ ಬಣ್ಣದ ಎರಡು ತುಂಡು ಅಕ್ಕಪಕ್ಕ ಬರಬಾರದು. ಹೂವಿನ ಬಟ್ಟೆಯ ಪಕ್ಕ ಸಾದಾ ಬಟ್ಟೆ ಇದ್ದರೆ ಎರಡೂ ಏಳುತ್ತವೆ, ಕಸೂತಿಗೂ ಜಾಗ ಸಿಗುತ್ತದೆ.

ಇಷ್ಟು ಒಂದು ಮಧ್ಯಾಹ್ನದ ಕೆಲಸ. ತಿಂಗಳುಗಟ್ಟಲೆ ಹಿಡಿಯುವುದು ಆಮೇಲಿನ ಕಸೂತಿ. ಆರೆಳೆಯ ಕಸೂತಿ ದಾರದಲ್ಲಿ ಎರಡು ಇಲ್ಲವೇ ಮೂರು ಎಳೆ ಬಿಡಿಸಿಕೊಂಡು ಪ್ರತಿ ಜೋಡಿನ ಮೇಲೂ ಒಂದೊಂದು ಬಗೆಯ ಹೊಲಿಗೆ ಹಾಕಬೇಕು. ಮೊದಲು ಒಂದು ಸಾಲು, ಅದಕ್ಕೆ ಎಲೆ, ಎಲೆಗೆ ಹೂವು, ಹೂವಿಗೆ ಮಣಿ ಎಂದು ಮೇಲಿಂದ ಮೇಲೆ ಕಟ್ಟುತ್ತ ಹೋಗುವುದು ಇದರ ಪದ್ಧತಿ.

ಸೂಜಿಯಲ್ಲಿ ಹಿತ್ತಲು

ಹೊಲಿಗೆಗಳಿಗೆ ಹಿತ್ತಲಿನಲ್ಲೇ ಕೆಲಸ ಹುಡುಕಿಕೊಟ್ಟೆವು. ಎಡಕ್ಕೊಂದು ಬಲಕ್ಕೊಂದು ಕವಲೊಡೆಯುತ್ತ ಹೋಗುವ ಫೆದರ್ ಸ್ಟಿಚ್ ಕ್ರೇಜಿ ಕ್ವಿಲ್ಟುಗಳ ಅಚ್ಚುಮೆಚ್ಚಿನ ಹೊಲಿಗೆ. ನಮ್ಮಲ್ಲಿ ಅದು ಬಸಳೆ ಬಳ್ಳಿಯಾಯಿತು. ಅಡ್ಡಡ್ಡ ಹಾಯುವ ಹೆರಿಂಗ್‌ಬೋನ್ ಬೇಲಿಯಾಯಿತು. ಸರಪಳಿ ಹೊಲಿಗೆ ಬಾವಿಯ ಹಗ್ಗವಾಯಿತು. ಫ್ಲೈ ಸ್ಟಿಚ್ಚನ್ನು ಒಂದರ ಕೆಳಗೊಂದು ಪೋಣಿಸಿದರೆ ಕರಿಬೇವಿನ ಎಸಳು, ಲೇಜಿ ಡೈಸಿಯ ಐದು ದಳ ಕೂಡಿಸಿದರೆ ಮಲ್ಲಿಗೆ. ಫ್ರೆಂಚ್ ನಾಟ್ ಎಂಬ ಸಣ್ಣ ಗಂಟುಗಳನ್ನು ಕೇಸರಿ ದಾರದಲ್ಲಿ ಒತ್ತೊತ್ತಾಗಿ ಹಾಕಿ ಕನಕಾಂಬರದ ದಂಡೆ ಮಾಡಿದೆವು. ಕಾಜಾ ಹೊಲಿಗೆಯಲ್ಲಿ ಒಗೆಯುವ ಕಲ್ಲು, ನೀರೊಲೆಯ ಹಂಡೆ ಬಂದವು. ಹಂಡೆಗೆ ಹಳೆಯ ಜರಿಯಂಚಿನ ತಾಮ್ರದ ಬಣ್ಣದ ತುಂಡು ಸರಿಹೋಯಿತು.

ತುಳಸಿಕಟ್ಟೆಗೆ ಮಾತ್ರ ಧಾರವಾಡದ ಅವ್ವ ಬೇರೆ ಹೊಲಿಗೆ ಒಪ್ಪಲಿಲ್ಲ, ಕಸೂತಿಯೇ ಆಗಬೇಕು ಎಂದರು. ನಾವು ದಾರದ ಕೆಲಸಕ್ಕೆಲ್ಲ ಕಸೂತಿ ಎಂದುಬಿಡುತ್ತೇವೆ. ಅವರ ಪ್ರಕಾರ ಕಸೂತಿ ಎಂದರೆ ಗವಂತಿ, ಮುರ್ಗಿ, ನೇಯ್ಗಿ, ಮೆಂತಿ ಈ ನಾಲ್ಕೇ. ಚಿತ್ರ ಬರೆದುಕೊಳ್ಳುವ ಹಾಗಿಲ್ಲ, ಬಟ್ಟೆಯ ಎಳೆ ಎಣಿಸಿಯೇ ಹಾಕಬೇಕು. ಗವಂತಿಯಲ್ಲಿ ಹೋಗುವಾಗ ಬಿಟ್ಟ ಸಂದನ್ನು ಬರುವಾಗ ತುಂಬುವುದರಿಂದ ಬಟ್ಟೆಯ ಎರಡೂ ಬದಿ ಒಂದೇ ರೀತಿ ಕಾಣುತ್ತದೆ. ಗಂಟು ಹಾಕುವಂತಿಲ್ಲ. ಆದರೆ ಜಾರುವ ರೇಷ್ಮೆಯ ಮೇಲೆ ಎಳೆ ಎಣಿಸುವುದು ಹೇಗೆ? ಅವ್ವನೇ ದಾರಿ ತೋರಿಸಿದರು. ಜಾಳಾದ ಕ್ಯಾನ್ವಾಸ್ ಬಟ್ಟೆಯನ್ನು ರೇಷ್ಮೆಯ ಮೇಲೆ ಟಾಕಿ, ಕ್ಯಾನ್ವಾಸಿನ ಎಳೆ ಎಣಿಸುತ್ತ ತುಳಸಿಕಟ್ಟೆ ಹಾಕಿದರು. ಮುಗಿದ ಮೇಲೆ ಕ್ಯಾನ್ವಾಸಿನ ಒಂದೊಂದೇ ಎಳೆಯನ್ನು ಚಿಮುಟದಿಂದ ಎಳೆದು ತೆಗೆದರು. ರೇಷ್ಮೆಯ ಮೇಲೆ ತುಳಸಿಕಟ್ಟೆ ಉಳಿಯಿತು. ಲೈಬ್ರರಿ ಅಜ್ಜಿ ಅದನ್ನು ತಿರುಗಿಸಿ ಹಿಂಬದಿ ನೋಡಿದರು, ಮತ್ತೆ ಮುಂಬದಿ ನೋಡಿದರು. ಆಮೇಲೆ ತಮ್ಮ ಕನ್ನಡಕ ತೆಗೆದು ಅವ್ವನ ಕೈ ಹಿಡಿದುಕೊಂಡರು.

ಒಂದು ವಿಷಯದಲ್ಲಿ ಮಾತ್ರ ಎರಡೂ ಕಡೆಯವರು ಜಗ್ಗಲಿಲ್ಲ. ಹಳೆಯ ಕ್ರೇಜಿ ಕ್ವಿಲ್ಟುಗಳಲ್ಲಿ ಒಂದು ಮೂಲೆಯಲ್ಲಿ ಜೇಡರ ಬಲೆ ಕಸೂತಿ ಮಾಡುವ ಸಂಪ್ರದಾಯವಿದೆ. ಅದು ಅದೃಷ್ಟ ತರುತ್ತದೆ ಎಂದು ನಂಬಿಕೆ. ಮೈಸೂರಿನ ಅಮ್ಮ ಬೆಚ್ಚಿದರು. "ಜೇಡರ ಬಲೆ ಕಂಡ್ರೆ ನಾವು ಪೊರಕೆ ತಗೊಳ್ತೀವಿ. ಅದನ್ನ ಕೂತ್ಕೊಂಡು ಹೊಲಿಯೋದಾ?" ಕೊನೆಗೆ ರಾಜಿಯಾಯಿತು. ಬಲೆ ಬಂತು, ಪಕ್ಕದಲ್ಲಿ ಒಂದು ಹಿಡಿಪೊರಕೆಯೂ ಬಂತು. ನೋಡಿದವರೆಲ್ಲ ಮೊದಲು ಬೆರಳಿಡುವುದು ಆ ಮೂಲೆಗೇ.

ಕೌದಿಯ ಪ್ರಶ್ನೆ

ಗದಗದ ಅವ್ವನಿಗೆ ಮೊದಲಿನಿಂದಲೂ ಒಂದು ತಕರಾರಿತ್ತು. ಕೌದಿ ಎಂದರೆ ಹಳೆಯ ಸೀರೆಗಳನ್ನು ಮೂರು ನಾಲ್ಕು ಪದರ ಹಾಸಿ, ಅಂಚಿನಿಂದ ಒಳಗೆ ಒಳಗೆ ಸಣ್ಣ ಓಟಹೊಲಿಗೆ ಹಾಕುತ್ತ ಹೋಗುವುದು. ಆ ಹೊಲಿಗೆಯೇ ಪದರಗಳನ್ನು ಹಿಡಿದು ನಿಲ್ಲಿಸುತ್ತದೆ. ಒಗೆಯಬಹುದು, ಹಾಸಬಹುದು, ಹೊದೆಯಬಹುದು. ಕ್ರೇಜಿ ಕ್ವಿಲ್ಟಿಗೆ ಸಾಮಾನ್ಯವಾಗಿ ನಡುವೆ ಹತ್ತಿಯ ಪದರವೂ ಇಲ್ಲ, ಮೇಲಿಂದ ಕೆಳಗೆ ಹಾಯುವ ಹೊಲಿಗೆಯೂ ಇಲ್ಲ. ಹಿಂಬಟ್ಟೆಯನ್ನು ಅಲ್ಲಲ್ಲಿ ಟಾಕು ಹಾಕಿ ತಳಬಟ್ಟೆಗೆ ಕಟ್ಟುತ್ತಾರೆ, ಅಷ್ಟೇ. ಅಂದಿನ ಅಮೆರಿಕನ್ನರು ಅದನ್ನು ಹಜಾರದ ಸೋಫಾ ಮೇಲೆ ಅಂದಕ್ಕೆ ಹರಡುತ್ತಿದ್ದರು. "ಹೊದ್ದುಕೊಳ್ಳಾಕ ಬಾರದ ಕೌದಿ ಯಾತಕ್ಕ?" ಇದು ಅವ್ವನ ಪ್ರಶ್ನೆ. ಉತ್ತರ ನಮ್ಮಲ್ಲೂ ಇರಲಿಲ್ಲ.

ಹಳೆಯ ಬಟ್ಟೆಯ ತುಂಡುಗಳಿಗೆ ಲೆಕ್ಕವಿಲ್ಲದ ಅಂದ ಕೊಡುವ ಇನ್ನೊಂದು ಕೌದಿ ನಮ್ಮ ನಾಡಿನಲ್ಲೇ ಇದೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಹೊಲಿಯುವ ಕೌದಿಯಲ್ಲಿ ತುಂಡುಗಳು ಮನಸ್ಸಿಗೆ ಬಂದ ಕಡೆ ಕೂರುತ್ತವೆ. ನಾಲ್ಕು ಮೂಲೆಗೆ ಮಡಿಚಿದ ಬಟ್ಟೆಯ 'ಫೂಲ' ಇಡದೆ ಅವರು ಕೆಲಸ ಮುಗಿಸುವುದಿಲ್ಲ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇವುಗಳ ಅಧ್ಯಯನ ಮಾಡಿದ್ದಾರೆ. 2011ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಸಿದ್ದಿ ಕೌದಿಗಳ ಪ್ರದರ್ಶನವೂ ನಡೆದಿತ್ತು. ಇದನ್ನು ತಿಳಿದ ಮೇಲೆ ನಮ್ಮ ಕ್ವಿಲ್ಟಿನ ನಾಲ್ಕು ಮೂಲೆಗೂ ಒಂದೊಂದು ಹೂವು ಇಟ್ಟೆವು.

ಎರಡು ಬಣ್ಣದ ಬಳ್ಳಿ

ಮೂರು ವರ್ಷದಲ್ಲಿ ಹನ್ನೊಂದು ಅಮ್ಮಂದಿರು ಬಂದುಹೋದರು. ಒಬ್ಬರು ಅರ್ಧ ಬಿಟ್ಟಿದ್ದನ್ನು ಇನ್ನೊಬ್ಬರು ಮುಂದುವರಿಸಿದರು. ವಿಮಾನ ಹತ್ತುವ ಹಿಂದಿನ ರಾತ್ರಿ ಕೂತು ತಮ್ಮ ಪಾಲಿನ ಜೋಡು ಮುಗಿಸಿದವರಿದ್ದಾರೆ. ಬಂದ ಎರಡನೇ ತಿಂಗಳಿಗೇ "ಟಿಕೆಟ್ ಹಿಂದಕ್ಕೆ ಹಾಕಿಸು, ಊರಿಗೆ ಹೋಗ್ತೀನಿ" ಎಂದು ಮಗನ ಹತ್ತಿರ ಹಟ ಹಿಡಿದಿದ್ದ ಒಬ್ಬ ಅಮ್ಮ, ಈ ಶನಿವಾರ ಯಾರ ಮನೆಯಲ್ಲಿ ಎಂದು ಕೇಳತೊಡಗಿದರು. ಇದರಿಂದ ಒಂಟಿತನ ಹೋಗಿಯೇಬಿಟ್ಟಿತು ಎಂದು ನಾವು ಹೇಳುವುದಿಲ್ಲ. ಸೋಮವಾರದಿಂದ ಶುಕ್ರವಾರದ ಆ ಉದ್ದನೆಯ ಮಧ್ಯಾಹ್ನ ಈಗಲೂ ಉದ್ದವೇ. ಆದರೆ ಆ ಮಧ್ಯಾಹ್ನಕ್ಕೆ ಈಗ ಒಂದು ಕೆಲಸವಿದೆ, ಶನಿವಾರ ಅದನ್ನು ನೋಡಲು ಕಾಯುವ ಜನರಿದ್ದಾರೆ.

ಸಾಗರದ ಅಮ್ಮ ಬಸಳೆ ಬಳ್ಳಿಯನ್ನು ಅರ್ಧಕ್ಕೆ ಬಿಟ್ಟು ಊರಿಗೆ ಹೋದವರು ಮತ್ತೆ ಬರಲಾಗಲಿಲ್ಲ. ಕಣ್ಣು ಮಂಜಾಗಿತ್ತು, ಮಂಡಿನೋವು ಬೇರೆ. ಇಷ್ಟು ದೂರದ ಪ್ರಯಾಣ ಬೇಡ ಎಂದು ವೈದ್ಯರು ಹೇಳಿದರು. ಬಳ್ಳಿಯನ್ನು ಏನು ಮಾಡುವುದು? ಹಾಗೇ ಬಿಡೋಣ ಎಂದರು ಕೆಲವರು. ಅದೇ ಬಣ್ಣದ ದಾರ ಹುಡುಕಿ, ಗೊತ್ತಾಗದಂತೆ ಮುಗಿಸೋಣ ಎಂದರು ಇನ್ನು ಕೆಲವರು. ವಿಡಿಯೊ ಕರೆ ಮಾಡಿ ಅಮ್ಮನನ್ನೇ ಕೇಳಿದೆವು. "ಬಿಚ್ಚೂದು ಬೇಡ, ಹಾಂಗೇ ಬಿಡೂದೂ ಬೇಡ. ಬೇರೆ ಹಸಿರು ಹಾಕಿ. ನಾ ಎಲ್ಲೀವರೆಗೆ ಬಂದಿದ್ದೆ ಅಂತ ಗೊತ್ತಾಗ್ಲಿ" ಎಂದರು. ಅವರ ಹನ್ನೊಂದು ವರ್ಷದ ಮೊಮ್ಮಗ ಅಜ್ಜಿ ಬಿಟ್ಟಲ್ಲಿಂದ ಎಳೆಹಸಿರು ದಾರ ಹಿಡಿದು ಬಳ್ಳಿಯನ್ನು ಅಂಚಿನವರೆಗೆ ಹಬ್ಬಿಸಿದ. ಅವನ ಹೊಲಿಗೆ ಒಂದಿಷ್ಟು ದೊಡ್ಡದು, ಒಂದಿಷ್ಟು ಸೊಟ್ಟ. ಅದನ್ನು ಯಾರೂ ತಿದ್ದಿಲ್ಲ.

ಒಟ್ಟು 20 ಚೌಕ, ಐದು ಸಾಲಿನಲ್ಲಿ ನಾಲ್ಕು ನಾಲ್ಕು. ಸುತ್ತ ನಾಲ್ಕು ಇಂಚಿನ ಅಂಚು ಸೇರಿ 56 ಇಂಚು ಅಗಲ, 68 ಇಂಚು ಉದ್ದ. ಹಳೆಯ ಕ್ವಿಲ್ಟುಗಳ ಮೇಲೆ ಹೊಲಿದವರ ಹೆಸರಿನ ಮೊದಲಕ್ಷರ, ವರ್ಷ ಇರುವುದುಂಟು. ನಾವು ಹಿಂಬದಿಯಲ್ಲಿ ಹನ್ನೊಂದೂ ಹೆಸರನ್ನು, ಅವರವರ ಊರಿನ ಹೆಸರಿನೊಂದಿಗೆ, ಕನ್ನಡ ಅಕ್ಷರದಲ್ಲೇ ಹೊಲಿದೆವು. ಇಲ್ಲಿ ಹುಟ್ಟಿದ ಮಕ್ಕಳು ಅದನ್ನು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಾರೆ.

ಊರಿನಲ್ಲಿರುವವರಿಗೆ ನಾಲ್ಕು ಮಾತು

ನಿಮ್ಮ ಮಕ್ಕಳೂ ಹೊರದೇಶದಲ್ಲಿದ್ದು, ನೀವೂ ಆರು ತಿಂಗಳಿಗೆಂದು ಹೊರಟಿದ್ದರೆ ಉಪ್ಪಿನಕಾಯಿಯ ಪಕ್ಕ ಒಂದು ಸಣ್ಣ ಬಟ್ಟೆಗಂಟು ಇಟ್ಟುಕೊಳ್ಳಿ. ಸೀರೆ ಪೂರ್ತಿ ಬೇಡ, ಒಳತುದಿಯ ಒಂದು ಗೇಣು ಸಾಕು. ಅತ್ತೆಯದು, ಅಜ್ಜಿಯದು, ತಂಗಿಯದು ಸಿಕ್ಕರೆ ಇನ್ನೂ ಒಳ್ಳೆಯದು. ಪ್ರತಿ ತುಂಡಿಗೂ ಚೀಟಿ ಟಾಕಿ, ಯಾರದು, ಯಾವಾಗ ಉಟ್ಟದ್ದು ಎಂದು ಬರೆದಿಡಿ. ಈಗ ಬರೆಯದಿದ್ದರೆ ಇಪ್ಪತ್ತು ವರ್ಷದ ಮೇಲೆ ಅದು ಬರೀ ಕೆಂಪು ಬಟ್ಟೆ.

ಕೆಂಪು, ಕಪ್ಪು ಬಟ್ಟೆಯ ಮೂಲೆ ಒದ್ದೆ ಮಾಡಿ ಬಿಳಿ ಬಟ್ಟೆಗೆ ಒತ್ತಿ ನೋಡಿ. ಬಣ್ಣ ಬಿಟ್ಟರೆ ಬಿಳಿ ಬಟ್ಟೆಯ ಪಕ್ಕ ಬಳಸಬಾರದು. ಸೂಜಿ, ಕತ್ತರಿಗಳನ್ನು ಕೈಚೀಲದಲ್ಲಿ ಇಡಬೇಡಿ, ಲಗೇಜಿಗೆ ಹಾಕಿ. ಹೋದ ಊರಿನಲ್ಲಿ ಗ್ರಂಥಾಲಯವಿದ್ದರೆ ಹೊಲಿಯುವವರ ಗುಂಪಿದೆಯೇ ಎಂದು ಮಕ್ಕಳಿಗೆ ವಿಚಾರಿಸಲು ಹೇಳಿ. ಭಾಷೆ ಬಾರದು ಎಂದು ಹಿಂಜರಿಯಬೇಡಿ.

ಮುಗಿದ ಕ್ರೇಜಿ ಕ್ವಿಲ್ಟನ್ನು ಒಗೆಯುವಂತಿಲ್ಲ. ರೇಷ್ಮೆ, ಜರಿ, ಮಣಿ ನೀರಿಗೆ ತಡೆಯುವುದಿಲ್ಲ. ತೆಳು ಜಾಳಿಬಟ್ಟೆ ಮುಚ್ಚಿ ಮೇಲಿನಿಂದ ವ್ಯಾಕ್ಯೂಮಿನಲ್ಲಿ ಹಗುರವಾಗಿ ದೂಳು ತೆಗೆಯಬೇಕು. ಬಿಸಿಲಿಗೆ ಇಡಬಾರದು. ಪ್ಲಾಸ್ಟಿಕ್ ಚೀಲಕ್ಕಿಂತ ಹಳೆಯ ಹತ್ತಿ ಸೀರೆಯಲ್ಲಿ ಸುತ್ತಿಡುವುದು ಲೇಸು. ಮಡಚಿಟ್ಟರೆ ಆಗಾಗ ಮಡಿಕೆ ಬದಲಿಸಬೇಕು.

ಯಾರ ಮನೆಯಲ್ಲಿ?

ಕೊನೆಗೆ ಉಳಿದ ಪ್ರಶ್ನೆ, ಇದು ಯಾರ ಮನೆಯಲ್ಲಿ ಇರಬೇಕು? ಏಳು ಮನೆ, ಒಂದೇ ಕೌದಿ. ಚೀಟಿ ಎತ್ತೋಣ ಎಂದರು, ಎಲ್ಲಾದರೂ ಪ್ರದರ್ಶನಕ್ಕಿಡೋಣ ಎಂದರು. ಗದಗದ ಅವ್ವನ ಹಳೆಯ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಆಗಲೇ. ಯಾರ ಮನೆಗೆ ಊರಿನಿಂದ ಅಮ್ಮ ಬರುತ್ತಾರೋ ಆ ಮನೆಗೆ ಹುಚ್ಚು ಕೌದಿ ಮೊದಲೇ ಹೋಗಿರಬೇಕು, ಅವರು ಮಲಗುವ ಕೋಣೆಯ ಮಂಚದ ಮೇಲೆ. ಬೆಚ್ಚಗಾಗಲು ಅದರ ಕೆಳಗೆ ಬೇರೆ ಕಂಬಳಿ ಇರಲಿ. ಬೆಳಗಿನಜಾವ ನಿದ್ದೆ ಬಾರದೆ ಎದ್ದು ಕೂತ ಅಮ್ಮನಿಗೆ ಕೈಯಾಡಿಸಲು ಒಂದು ಬಾವಿಕಟ್ಟೆ, ಒಂದು ಕರಿಬೇವಿನ ಗಿಡ ಸಿಗಬೇಕು.

ಇದಕ್ಕೆ ಎಲ್ಲರೂ ತಲೆಯಾಡಿಸಿದಾಗ ಇಳಕಲ್ ಸೀರೆಯ ಗೆಳತಿ ಸುಮ್ಮನೆ ಕೂತಿದ್ದಳು. ಅವಳ ಅತ್ತೆಯೂ ಇಲ್ಲ, ಅಮ್ಮನೂ ಇಲ್ಲ. ಅವಳ ಮನೆಗೆ ಯಾರೂ ಬರುವಂತಿಲ್ಲ. ಧಾರವಾಡದ ಅವ್ವ ಕೇಳಿದರು, "ನಿಮ್ಮ ಅವ್ವ ಹೋಗಿದ್ದು ಯಾವ ತಿಂಗಳಾಗ?" ಮಾರ್ಗಶಿರ ಎಂದಳು. ಅಂದಿನಿಂದ ಪ್ರತಿ ವರ್ಷ ಮಾರ್ಗಶಿರದಲ್ಲಿ, ಬೇರೆ ಯಾರ ಅಮ್ಮ ಬಂದಿದ್ದರೂ, ಹುಚ್ಚು ಕೌದಿ ಇರುವುದು ಅವಳ ಮನೆಯಲ್ಲಿ. ಉಳಿದ ಅಮ್ಮಂದಿರೂ ಆ ತಿಂಗಳ ಶನಿವಾರಗಳಲ್ಲಿ ಅಲ್ಲಿಗೇ ಹೋಗುತ್ತಾರೆ. ಈಗ ಎರಡನೇ ಕೌದಿಗೆ ಬಟ್ಟೆ ಕೂಡಿಸುತ್ತಿದ್ದೇವೆ. ವಿಷಯ ಇನ್ನೂ ಗೊತ್ತಾಗಿಲ್ಲ. ಮೇ ತಿಂಗಳಲ್ಲಿ ಹಾಸನದಿಂದ ಒಬ್ಬ ಅಮ್ಮ ಬರುವವರಿದ್ದಾರೆ, ಅವರನ್ನು ಕೇಳಬೇಕು.